ಪುದಿಯಾಪ್ಳೆಯ ಬಾತ್‌ರೂಮಿನ ಬಿಳಿ ಕಲ್ಲು

ಬಿ.ಸಿ.ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಝುಬೈರನಿಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ರಶೀನಾ ಹೇಳಿದರೂ ಚಮಚ ಆಡಿಸಿ ತಳ ನೋಡಿಯೇ ಕುಡಿಯುವ ಆಸಾಮಿ. ಅಂಥವನ ಮನೆಯಲ್ಲಿ ಈಗ ಮಗಳು ರಿಫಾಳ ಮದುವೆ.

ಕರಾವಳಿಯ ಬ್ಯಾರಿ ಮುಸ್ಲಿಮರ ಪದ್ಧತಿಯಂತೆ ಮದುವೆಯಾದ ಮೇಲೆ ಪುದಿಯಾಪ್ಳೆ, ಅಂದರೆ ಹೊಸ ಅಳಿಯ, ಹೆಣ್ಣಿನ ಮನೆಗೆ ಬಂದು ಉಳಿಯುತ್ತಾನೆ. ಅವನಿಗೆಂದೇ ಒಂದು ಕೋಣೆ, ಕೋಣೆಗೆ ತಾಗಿ ಬಾತ್‌ರೂಮು ಆಗಬೇಕು. ಎಲ್ಲ ಆಗಿತ್ತು, ವಾಶ್‌ಬೇಸಿನ್ ಕೂರಿಸುವ ಕಲ್ಲಿನ ಹಲಗೆಯೊಂದು ಬಾಕಿ. ಅಂದು ಸಂಜೆಯೇ ಹುಡುಗನ ತಂದೆ ಅಬ್ದುಲ್ ಶುಕೂರ್ ಕೋಣೆ ನೋಡಲು ಬರುವವರಿದ್ದರು. ಅವರ ಹುಬ್ಬು ಮೇಲೇರಿದರೆ ಮಗಳು ಆ ಮನೆಯಲ್ಲಿ ಜೀವಮಾನವಿಡೀ ಮಾತು ಕೇಳಬೇಕಾದೀತು ಎಂದು ಝುಬೈರನಿಗೆ ದಿಗಿಲು.

ಕಪ್ಪು ಗ್ರಾನೈಟ್ ಸಾಕು, ನಾನೂ ಬರುತ್ತೇನೆ, ಮೂಡುಬಿದಿರೆಗೆ ಹೋಗಿ ತರುವ ಎಂದ ಮೇಸ್ತ್ರಿ ಜತ್ತಪ್ಪ. ಮೇಸ್ತ್ರಿ ಕಲ್ಲಿನ ಅಂಗಡಿಗೆ ಹೊಕ್ಕರೆ ಅವನ ಹಿಂದೆಯೇ ಕಮಿಷನ್ನೂ ಹೊಗುತ್ತದೆ ಎಂಬುದು ಝುಬೈರನಿಗೆ ತಿಳಿಯದ್ದೇನಲ್ಲ. ಜತ್ತಪ್ಪ ಸಿಮೆಂಟ್ ಕಲಸುತ್ತಿದ್ದಾಗ ಹಿತ್ತಲಿನ ದಾರಿಯಿಂದ ಜಾರಿಕೊಂಡು ಬಸ್ಸು ಹತ್ತಿದ.

ಬಸ್ಸಿನಲ್ಲಿ ಪಕ್ಕದ ಮನೆಯ ಹನೀಫಾ ಸಿಕ್ಕಿಬಿಟ್ಟ. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಒಬ್ಬ ರೋಗಿಯನ್ನು ನೋಡಲಿಕ್ಕುಂಟು ಎಂದು ಝುಬೈರ್ ಸುಳ್ಳು ಹೇಳಿದ.

"ಹಾಗಾದ್ರೆ ನಾನೂ ಬರ್ತೇನೆ. ರೋಗಿಯನ್ನು ಕಂಡು ದುವಾ ಮಾಡಿದ್ರೆ ದೊಡ್ಡ ಪುಣ್ಯ ಉಂಟು" ಎಂದ ಹನೀಫಾ.

ಪುಣ್ಯಕ್ಕೆ ಬೇಡ ಎನ್ನಲಾದೀತೇ? ಆಸ್ಪತ್ರೆಯ ಬಾಗಿಲವರೆಗೂ ಹೋಗಿ, ಹನೀಫಾ ರೋಗಿಯ ಹೆಸರು ಕೇಳಿದಾಗ ಝುಬೈರ್ ಬೆವರಿ ನಿಜ ಒಪ್ಪಿಕೊಂಡ. ಹನೀಫಾ ಬೇಸರಿಸಲಿಲ್ಲ, ತಾನೇ ಮುಂದೆ ನಡೆದು ಕಲ್ಲಿನ ಅಂಗಡಿಗೆ ಕರೆದೊಯ್ದ. ದಾರಿಯುದ್ದಕ್ಕೂ ಅವನು ಹೇಳಿದ್ದೂ ಕಪ್ಪು ಗ್ರಾನೈಟನ್ನೇ. ಜತ್ತಪ್ಪನ ಕೈ ಇಷ್ಟು ಉದ್ದವೇ ಎಂದು ಝುಬೈರ್ ಹುಬ್ಬು ಗಂಟಿಕ್ಕಿದ.

ಅಂಗಡಿಯ ಶಶಿರಾಜ್ ಸಾವಧಾನದ ಜೈನ ವ್ಯಾಪಾರಿ. ಝುಬೈರ್ ಒಂದೊಂದು ಕಲ್ಲನ್ನೂ ಬೆರಳ ಗೆಣ್ಣಿನಿಂದ ತಟ್ಟಿದ, ಬೀಗದ ಕೈಯಿಂದ ಗೀರಲು ಹೋಗಿ ಕೈ ಜಾರಿ ತನ್ನ ಬೆರಳನ್ನೇ ಗೀರಿಕೊಂಡ, ಕೊನೆಗೆ ಬಿಳಿ ಮಾರ್ಬಲ್ಲಿನ ಮುಂದೆ ನಿಂತ. ಶಶಿರಾಜ್ ತಲೆ ಅಲ್ಲಾಡಿಸಿದರು.

"ಮಾರ್ಬಲ್ ಬಾತ್‌ರೂಮಿಗೆ ಒಳ್ಳೆದಲ್ಲ ಸಾಹೇಬ್ರೆ. ಸೋಪಿನ ನೀರು ಕುಡಿದು ಹಳದಿ ಆಗ್ತದೆ. ಕಪ್ಪು ಗ್ರಾನೈಟ್ ತೆಗೊಳ್ಳಿ, ರೇಟೂ ಕಡಿಮೆ."

ಝುಬೈರನ ಕಿವಿ ನಿಮಿರಿತು. ತಾನಾಗಿ ಅಗ್ಗದ್ದನ್ನು ತೋರಿಸುವ ವ್ಯಾಪಾರಿ ಎಲ್ಲಾದರೂ ಇದ್ದಾನೆಯೇ? ತನ್ನ ಅಂಗಡಿಯಲ್ಲಿ ತಾನು ಗಿರಾಕಿಗೆ ಅಗ್ಗದ ಚಪ್ಪಲಿಯನ್ನು ಮೊದಲು ತೋರಿಸಿದ್ದು ಒಂದೇ ಸಲ, ಅದೂ ಅದರ ಅಂಟು ಬಿಟ್ಟಿದ್ದರಿಂದ. ಮೇಸ್ತ್ರಿ, ನೆರೆಯವ, ವ್ಯಾಪಾರಿ ಮೂವರೂ ಒಂದೇ ರಾಗ ಎಳೆಯುತ್ತಿದ್ದಾರೆಂದರೆ ಆ ಗ್ರಾನೈಟಿನಲ್ಲಿ ಏನೋ ಐಬು ಇರಲೇಬೇಕು. ಬಿಳಿ ಮಾರ್ಬಲ್ಲನ್ನೇ ಕತ್ತರಿಸಲು ಹೇಳಿದ. ಕತ್ತರಿಸುವಾಗ ಬದಲಾಯಿಸಿಯಾರೆಂದು ಯಂತ್ರದ ಪಕ್ಕದಲ್ಲೇ ನಿಂತು ಕಲ್ಲಿನ ಧೂಳಿನಿಂದ ತಲೆಯಿಂದ ಕಾಲಿನವರೆಗೆ ಬೆಳ್ಳಗಾದ. ಅಂಗಡಿಯ ಪಿಕಪ್ಪಿನ ಹಿಂಭಾಗದಲ್ಲಿ ಕಲ್ಲನ್ನು ತಬ್ಬಿಕೊಂಡೇ ಊರು ಸೇರಿದ. ರಶೀನಾ ಗಂಡನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ.

ಜತ್ತಪ್ಪ ಗೊಣಗುತ್ತಾ ಕಲ್ಲು ಕೂರಿಸಿ ಮುಗಿಸುವುದಕ್ಕೂ ಶುಕೂರರ ಕಾರು ಬರುವುದಕ್ಕೂ ಸರಿಹೋಯಿತು. ಹನೀಫಾ ಹೇಗೂ ಅಲ್ಲಿಯೇ ಇದ್ದ. ಶುಕೂರ್ ಮಂಚ ನೋಡಿದರು, ಕಪಾಟು ನೋಡಿದರು, ಬಾತ್‌ರೂಮಿಗೆ ಹೋಗಿ ಬಿಳಿ ಕಲ್ಲಿನ ಮೇಲೆ ಬೆರಳಾಡಿಸಿದರು.

"ಅಸಲು ಮಾರ್ಬಲ್ಲಾ?"

ಅಪ್ಪಟ ಅಸಲು, ತಾನೇ ತಟ್ಟಿ ನೋಡಿ ತಂದದ್ದು ಎಂದು ಝುಬೈರ್ ಎದೆಯುಬ್ಬಿಸಿದ. ಶುಕೂರರ ಹುಬ್ಬು ಮೆಲ್ಲನೆ ಮೇಲೇರಿತು.

"ನನ್ನ ಮನೆಯಲ್ಲೂ ಗ್ರಾನೈಟೇ ಇರುವುದು. ನೀನು ಚಪ್ಪಲಿ ಮಾರುವವ, ಬಾತ್‌ರೂಮಿಗೆ ಇಷ್ಟು ಒಳ್ಳೆಯ ಕಲ್ಲು ಹಾಕಿದ್ದೀ. ಯಾಕೆ? ಹುಡುಗಿಯಲ್ಲಿ ಏನಾದ್ರೂ ಕೊರತೆ ಉಂಟಾ?"

ಝುಬೈರ್ ಕಲ್ಲಿಗೆ ಅಡ್ಡವಾಗಿ ನಿಂತ. ಲೋಕವನ್ನೆಲ್ಲ ತಾನು ಅನುಮಾನಿಸಬಹುದು, ಆದರೆ ತನ್ನ ಮಗಳನ್ನು ಲೋಕ ಅನುಮಾನಿಸುವುದೆಂದರೆ ತಾಳಲಾಗದ ಮಾತು. ಬಾಯಿಗೆ ಬಂದದ್ದನ್ನು ಆಡಿಯೇಬಿಟ್ಟ.

"ಅಸಲು ಅಂತ ಸುಮ್ಮನೆ ಹೇಳಿದ್ದು. ಇದು ಡೂಪ್ಲಿಕೇಟ್, ತುಂಬ ಅಗ್ಗದ್ದು."

ಜತ್ತಪ್ಪ ಏನೋ ಹೇಳಲು ಬಾಯಿ ತೆರೆದ. ಝುಬೈರ್ ಅವನ ಕಾಲು ತುಳಿದ. ಇಡೀ ದಿನ ಅಲೆದು ತಟ್ಟಿ ನೋಡಿ ತಂದ ಅಸಲು ಕಲ್ಲನ್ನು ನಕಲಿ ಎಂದು ಆಣೆ ಹಾಕಿದ ಮೇಲೆ ಶುಕೂರರ ಹುಬ್ಬು ಕೆಳಗಿಳಿಯಿತು. ಝುಬೈರ್ ಉಸಿರು ಬಿಟ್ಟ.

ಅಷ್ಟರಲ್ಲಿ ರಿಫಾ ಶರಬತ್ತಿನ ತಟ್ಟೆ ಹಿಡಿದು ಬಂದಳು. ಶುಕೂರ್ ಲೋಟ ಎತ್ತಿಕೊಂಡವರು ಕುಡಿಯಲಿಲ್ಲ. ಅವಳ ಕೈಯಲ್ಲಿದ್ದ ಚಿನ್ನದ ಬಳೆಗಳನ್ನೇ ನೋಡುತ್ತಾ ನಿಂತರು. ಹುಬ್ಬು ಮತ್ತೆ ಮೇಲೇರತೊಡಗಿತು.

"ಮಗಳೇ, ಆ ಬಳೆ ಒಮ್ಮೆ ತೆಗೆದು ಕೊಡು" ಎಂದು ಇಸಿದುಕೊಂಡು, ಅದನ್ನು ಬಿಳಿ ಕಲ್ಲಿಗೆ ತಟ್ಟಿ ಕಿವಿಗೊಟ್ಟರು.