ಹುಳುಮನೆಯಲ್ಲಿ ದಸ್ತಗಿರನ ದನಿ

"ಬರೀ ಫೋಟೋ ಸಾಲಲ್ಲಪ್ಪ ಈಗ. ಸ್ಲೈಡ್ ತೋರಿಸ್ತಾ ಕ್ಯಾಸೆಟ್ಟಲ್ಲಿ ಕತೆ ಹೇಳ್ಬೇಕು. ಸೋಮವಾರ ಸಾಯಂಕಾಲಕ್ಕೆ ನಿಮ್ಮ ದನಿ ಬರದಿದ್ರೆ ಬೇರೆಯವರ ಕೈಲಿ ಓದಿಸ್ತೀನಿ" ಅಂದಿದ್ದರು ಬೆಂಗಳೂರಿನ ಸಂಪಾದಕ ಚನ್ನಕೇಶವ.

ದಸ್ತಗಿರನಿಗೆ ರೇಗಿತು. ಹನ್ನೆರಡು ವರ್ಷದಿಂದ ಅವನ ಫೋಟೋಗಳ ಕೆಳಗೆ ಯಾರ್ಯಾರೋ ಬರೆದು ಹೆಸರು ಮಾಡಿದ್ದರು. ಈ ಸಲ ಫೋಟೋ ತೆಗೆದಿದ್ದ ರೇಷ್ಮೆಯ ಕತೆಯನ್ನಾದರೂ ತಾನೇ ಹೇಳಬೇಕೆಂದು ಹಟ ಹಿಡಿದ.

ಸೋಮವಾರ ಬೆಳಿಗ್ಗೆ ಶಿಡ್ಲಘಟ್ಟದ ಮನೆಯಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತ. ಪಕ್ಕದ ಮನೆಯಲ್ಲಿ ನೂಲು ತೆಗೆಯುವ ಯಂತ್ರ ಕಟಕಟ ಎನ್ನತೊಡಗಿತು. ಅದು ನಿಂತರೆ ಅದರ ಯಜಮಾನ ಸಾದಿಕ್ ಪಾಷಾ ಗೋಡೆಯಾಚೆಯಿಂದ, "ಜೋರಾಗಿ ಓದು ಭಾಯ್, ನಮಗೂ ಕೇಳ್ಸಲಿ" ಅನ್ನುತ್ತಿದ್ದ.

ದಸ್ತಗಿರ ಹಲ್ಲು ಕಡಿಯುತ್ತ ರೆಕಾರ್ಡರ್ ಎತ್ತಿಕೊಂಡು ಜಂಗಮಕೋಟೆಯ ಬಸ್ ಹತ್ತಿದ. ಅಲ್ಲಿ ಗೆಳೆಯ ಬಯ್ಯಪ್ಪನ ಹುಳುಮನೆ ಇತ್ತು. ರೇಷ್ಮೆಹುಳು ಸಾಕುವ ಮನೆಯಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ.

ಬಾಗಿಲಲ್ಲೇ ಬಯ್ಯಪ್ಪನ ತಾಯಿ ಅಕ್ಕಯ್ಯಮ್ಮ ಮೂಗು ಅರಳಿಸಿ ನಿಂತರು.

"ಅತ್ತರು ಹಚ್ಚಿದೀಯೇನಪ್ಪ? ಹುಳಕ್ಕೆ ವಾಸನೆ ಆಗಲ್ಲ. ಹೋಗಿ ಮೈ ತೊಳ್ಕೊ."

"ಮಾತು ರೆಕಾರ್ಡ್ ಮಾಡಕ್ ಬಂದಿದೀನಿ ಕಣಮ್ಮ, ಹೆಣ್ಣು ನೋಡಕ್ಕಲ್ಲ."

"ಅದಕ್ಕೆ ಅತ್ತರು ಯಾಕಪ್ಪ ಮತ್ತೆ?"

ದಸ್ತಗಿರ ಬಾವಿಕಟ್ಟೆಯಲ್ಲಿ ಮೈ ತೊಳೆದು, ಬಯ್ಯಪ್ಪನ ಅಂಗಿ ತೊಟ್ಟು ಒಳಗೆ ಬಂದ. ಅದರ ತುಂಬುತೋಳು ಇವನ ಮೊಣಕೈಯಲ್ಲೇ ಮುಗಿದಿತ್ತು. ಅಷ್ಟರಲ್ಲಿ ಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ಅಕ್ಕಯ್ಯಮ್ಮ ಸಾವಧಾನವಾಗಿ ಒಂದೊಂದೇ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹರಡುವವರೆಗೆ ಮೂಲೆಯಲ್ಲಿ ಕುದಿಯುತ್ತ ನಿಂತಿದ್ದ.

ಕೊನೆಗೂ ಗುಂಡಿ ಒತ್ತಿ, "ಇದು ನಮ್ಮ ನಾಡಿನ ರೇಷ್ಮೆಯ ಕತೆ" ಎಂದು ಶುರು ಮಾಡಿದ. ಅಕ್ಕಯ್ಯಮ್ಮ ಬಾಗಿಲಲ್ಲಿ ಇಣುಕಿ, "ಸಾವಿನ ಮನೇಲಿ ಮಾತಾಡ್ದಂಗೆ ಮಾತಾಡ್ತೀಯಲ್ಲಪ್ಪ. ಇದನ್ನ ಕಾಸು ಕೊಟ್ಟು ಕೇಳ್ತಾರಾ?" ಅಂದು ಹೋದರು.

ದಸ್ತಗಿರನಿಗೆ ಬಂದ ಸಿಟ್ಟಿಗೆ ನಾಲಿಗೆಯೇ ಹೊರಳಲಿಲ್ಲ. ಕೈಕಟ್ಟಿ, ಬಾಯಿ ಬಿಗಿದು ಐದು ನಿಮಿಷ ಹಾಗೇ ಕೂತ. ಟೇಪು ತನ್ನಪಾಡಿಗೆ ತಿರುಗುತ್ತಿತ್ತು. ಸಿಟ್ಟು ಇಳಿದ ಮೇಲೆ ಮಿಕ್ಕಿದ್ದನ್ನು ಒಂದೇ ಉಸಿರಿಗೆ, ತಪ್ಪಿಲ್ಲದೆ ಓದಿ ಮುಗಿಸಿದ. ಗೆದ್ದೆ ಅನ್ನಿಸಿತು.

ಸಾಯಂಕಾಲ ಬೆಂಗಳೂರಿನಲ್ಲಿ ಚನ್ನಕೇಶವ ಕ್ಯಾಸೆಟ್ ಕೇಳುತ್ತ ಹುಬ್ಬು ಗಂಟಿಕ್ಕಿದರು.

"ಫೋಟೋದಲ್ಲೆಲ್ಲ ಬಿಸಿಲು. ಹಿಂದೆ ಮಳೆ ಸುರೀತಿದೆಯಲ್ರಿ?"

"ಮಳೆ ಅಲ್ಲ ಸಾರ್. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನೋ ಸದ್ದು."

ಸಂಪಾದಕರು ಕಣ್ಣು ಮುಚ್ಚಿ, ದಸ್ತಗಿರ ಸಿಟ್ಟಾಗಿ ಸುಮ್ಮನೆ ಕೂತಿದ್ದ ಆ ಐದು ನಿಮಿಷವನ್ನು ಮೂರು ಸಲ ಕೇಳಿದರು.

"ಅದ್ಭುತ ಕಣ್ರೀ. ಇಷ್ಟು ಸಾಕು. ಮಾತು ಪೂರ್ತಿ ತೆಗೆದುಬಿಡಣ."

ದಸ್ತಗಿರ ಬಾಯಿ ತೆರೆದ. ಚನ್ನಕೇಶವ ಕೈಯೆತ್ತಿ ತಡೆದರು.

"ನೋಡಿ, ನೀವು ಸುಮ್ನಿದ್ದಾಗಲೇ ಚೆನ್ನಾಗಿ ಬರುತ್ತೆ."

ಪ್ರದರ್ಶನದ ಕೊನೆಯ ಸ್ಲೈಡಿನಲ್ಲಿ ಹೀಗಿತ್ತು: ಚಿತ್ರ, ದಸ್ತಗಿರ್. ದನಿ, ಜಂಗಮಕೋಟೆಯ ಹುಳುಗಳು.