ಇನ್ಶುರನ್ಸ್ ಮುಗಿದ ಗಾಡಿ

ಇಲ್ಲ ಎನ್ನಲು ಬರುವವರು, ಬಾರದವರು ಎಂದು ಲೋಕದಲ್ಲಿ ಎರಡು ಪಂಗಡಗಳಿದ್ದರೆ ನಾನು ಹುಟ್ಟಾ ಎರಡನೆಯದಕ್ಕೆ ಸೇರಿದವನು. ಅದರಲ್ಲೂ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರಾದರೂ ಮೋಟರ್ ಸೈಕಲ್ ಕೇಳಿದಾಗ ಇಲ್ಲ ಎನ್ನುವುದೆಂದರೆ ಬಾಯಾರಿ ಬಂದವರಿಗೆ ನೀರು ಇಲ್ಲ ಎಂದ ಹಾಗೆ. ಕೇಳುವವರೂ ಕೇಳುವುದಿಲ್ಲ. ಕಟ್ಟೆಯ ಮೇಲೆ ಒಂದು ಕಾಲಿಟ್ಟು "ಸರ, ಕೀಲಿ" ಎಂದು ಕೈ ಚಾಚುತ್ತಾರೆ, "ಇಲ್ಲೇ ಹೋಗಿ ಬರ್ತೀನ್ರಿ" ಎನ್ನುತ್ತಾರೆ. ಈ 'ಇಲ್ಲೇ' ಎಂಬ ಊರು ಎಲ್ಲಿದೆಯೆಂಬ ಕುತೂಹಲ ನನಗೆ ಬಹಳ ದಿನದಿಂದ ಇದೆ. ಒಮ್ಮೆ ಅದು ನರಗುಂದದಲ್ಲಿತ್ತು. ಇನ್ನೊಮ್ಮೆ ಕೊಣ್ಣೂರಿನ ಸೇತುವೆಯ ಆಚೆಗಿತ್ತು; ಹೊಳೆ ಬಂದು ಸೇತುವೆ ಮುಳುಗಿದ್ದರಿಂದ ಗಾಡಿ ನೀರು ಇಳಿಯುವವರೆಗೆ ಅಲ್ಲೇ ಬೀಗರ ಮನೆಯಲ್ಲಿ ಉಳಿದುಕೊಂಡಿತು.

ನನ್ನ ಗಾಡಿಯ ಮೇಲೆ ಎಲ್ಲರಿಗಿಂತ ಹೆಚ್ಚಿನ ಹಕ್ಕು ಪಕ್ಕದ ಮನೆಯ ಬಸನಗೌಡರದು. ಅವರ ಹೊಲ ಲಕ್ಕಲಕಟ್ಟಿಯಲ್ಲಿ. ಮನುಷ್ಯ ಬಂಗಾರದಂಥವರು. ಹಸಿ ಶೇಂಗಾ, ಹೆಸರುಕಾಳು, ಹಸಿ ಕಡಲೆಯ ಸುಲಗಾಯಿ ಎಲ್ಲ ನಮ್ಮ ಮನೆಗೆ ಅವರ ಹೊಲದಿಂದಲೇ ಬರುತ್ತವೆ, ನನ್ನ ಗಾಡಿಯ ಮೇಲೆಯೇ ಬರುತ್ತವೆ. ಆದರೆ ನಾನು ರಾಜೂರಿನ ಹೈಸ್ಕೂಲಿನಲ್ಲಿ ಮಾಸ್ತರ. ಗಾಡಿ ಗೌಡರ ಜೊತೆ ಹೊಲಕ್ಕೆ ಹೋಯಿತೆಂದರೆ ನಾನು ಬಸ್ಸಿಗೆ ಕಾಯುತ್ತ ನಿಲ್ಲಬೇಕು. ನಾಡಗೀತೆ ಮುಗಿದ ಮೇಲೆ ಗೇಟು ದಾಟುವ ಮಾಸ್ತರನನ್ನು ಮಕ್ಕಳು ನೋಡುವ ರೀತಿ ಶತ್ರುವಿಗೂ ಬೇಡ. ಕೊನೆಗೆ ಹೆಡ್‌ಮಾಸ್ತರರು ಕರೆದು, "ಇನ್ನೊಂದ್ ಸಲ ತಡಾ ಆತಂದ್ರ ನೋಟಿಸ್ ಕೊಡೂದ ಬರ್ತೈತ್ರಿ. ಆಮ್ಯಾಲೆ ಬ್ಯಾಸರಾ ಮಾಡಕೋಬ್ಯಾಡ್ರಿ" ಎಂದರು. ನನಗೆ ಜೀವ ಹೋದಂತಾಯಿತು.

ಮರುದಿನ ಬೆಳಿಗ್ಗೆ ಗೌಡರು ಕೈ ಚಾಚಿದಾಗ ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಹೊರಬಿತ್ತು. "ಗೌಡ್ರ, ಗಾಡಿ ಇನ್ಶುರನ್ಸ್ ಮುಗದೈತ್ರಿ. ರೋಣದ ರಸ್ತೆದಾಗ ಪೊಲೀಸರು ನಿಂತಾರಂತ. ಹಿಡದ್ರ ದಂಡ!" ಕಾದ ಹಂಚು ಮುಟ್ಟಿದವರಂತೆ ಗೌಡರು ಕೈ ಹಿಂದಕ್ಕೆ ತೆಗೆದರು. "ಅಯ್ಯ, ಹೌದೇನ್ರಿ? ಬ್ಯಾಡ ಬಿಡ್ರಿ ಹಂಗಾದ್ರ. ಮತ್ತ ನೀವ ಹ್ಯಾಂಗ ಹೊಂಟ್ರಿ?" "ಮಾಸ್ತರ ಅಂತ ನನ್ನ ಬಿಡ್ತಾರ್ರಿ" ಎಂದೆ. ಪಾಪ, ನಂಬಿ ಟಂಟಂ ರಿಕ್ಷಾ ಹತ್ತಿ ಹೋದರು. ಆಹಾ, ಅಂದು ನಾನು ಗೇಟು ದಾಟಿದಾಗ ಗಂಟೆಯೇ ಹೊಡೆದಿರಲಿಲ್ಲ! ಹೆಂಡತಿ ಸುಮಂಗಲಾಗೆ ಮಾತ್ರ ಇದು ಸರಿಬರಲಿಲ್ಲ. "ಸುಳ್ಳ ಹೇಳೂ ಬದಲಿ ಕೊಡೂದಿಲ್ಲ ಅಂತ ಹೇಳ್ರಿ." "ಬಾಯಿ ಬರಂಗಿಲ್ಲ ಮಾರಾಯ್ತಿ." "ನಾ ಸೀರಿ ಕೇಳಿದಾಗ ಹ್ಯಾಂಗ ಬರ್ತೈತಿ?" ಎಂದಳು.

ದಿನಾ ಅದರ ಹೆಸರು ಹೇಳಿ ಬದುಕತೊಡಗಿದ ಮೇಲೆ ಈ ವಿಮೆ ಎಂದರೇನು ಎಂಬ ಕುತೂಹಲ ಹುಟ್ಟಿತು. ಕಂಡಕಂಡವರನ್ನು ಕೇಳಿದೆ. ಕಾನೂನು ಕಡ್ಡಾಯ ಮಾಡಿರುವ ವಿಮೆ 'ಮೂರನೆಯವರ' ಸಲುವಾಗಿ ಎಂದು ತಿಳಿಯಿತು. ಮೊದಲನೆಯವನು ನಾನು, ಎರಡನೆಯದು ಕಂಪನಿ, ಮೂರನೆಯವರು ನಾನು ಎಂದಾದರೂ ಢಿಕ್ಕಿ ಹೊಡೆಯಬಹುದಾದ ಯಾರೋ ಪುಣ್ಯಾತ್ಮರು! ಮುಖ ನೋಡದ ಈ ನೆಂಟರ ಸಲುವಾಗಿ ನಾನು ಮೊದಲೇ ದುಡ್ಡು ಕಟ್ಟಿಟ್ಟಿರಬೇಕು. ಅದರ ದರವನ್ನು ಸರ್ಕಾರವೇ ಎಂಜಿನ್ ಗಾತ್ರ ನೋಡಿ ಗೊತ್ತು ಮಾಡುತ್ತದಂತೆ, ಊರು ನೋಡುವುದಿಲ್ಲ. ಬೆಂಗಳೂರಿನ ಗದ್ದಲದಲ್ಲಿ ನುಗ್ಗುವವನಿಗೂ, ರಾಜೂರಿನ ದಾರಿಯಲ್ಲಿ ಕುರಿಹಿಂಡು ದಾಟುವವರೆಗೆ ಎಂಜಿನ್ ಬಂದ್ ಮಾಡಿ ನಿಲ್ಲುವ ನನಗೂ ಒಂದೇ ದರ. ಇದು ಯಾವ ನ್ಯಾಯವೋ ನನಗೆ ಇನ್ನೂ ಗೊತ್ತಾಗಿಲ್ಲ.

ಇಷ್ಟೆಲ್ಲ ತಿಳಿದುಕೊಂಡವನು ಒಂದನ್ನು ಮರೆತಿದ್ದೆ. ಒಬ್ಬರಿಗೆ ತೊಂದರೆಯಿದ್ದರೆ ಸುಮ್ಮನೆ ಕೂಡುವ ಅಭ್ಯಾಸ ನಮ್ಮ ಓಣಿಗಿಲ್ಲ. ಮುಂದಿನ ಭಾನುವಾರ ಗೌಡರು ತಮ್ಮ ತಂಗಿಯ ಮಗ ಈರಣ್ಣನನ್ನು ಕರೆದುಕೊಂಡು ಬಂದರು. ಅವನು ರೋಣದಲ್ಲಿ ವಿಮೆ ಏಜೆಂಟ. "ನಮ್ಮ ಸರ್ ಗಾಡಿ ಇನ್ಶುರನ್ಸ್ ಇಲ್ದ ಅಡ್ಡಾಡ್ತೈತಿ. ಲಗೂ ಮಾಡಿಕೊಡೋ" ಎಂದರು. ಈರಣ್ಣ ಗಾಡಿಯ ನಂಬರನ್ನು ಮೊಬೈಲಿಗೆ ಒತ್ತತೊಡಗಿದ. ಸುಮಂಗಲಾ ಚಹಾ ತರುವ ನೆಪದಲ್ಲಿ ಬಂದು, ತಮಾಷೆ ನೋಡಲು ಬಾಗಿಲಲ್ಲೇ ನಿಂತಳು.

"ಸರ, ಇದು ಚಾಲೂ ಐತಲ್ರಿ!" ಎಂದ ಈರಣ್ಣ. "ಹೊಸಾ ಗಾಡಿ ತಗೊಂಡಾಗ ಐದ ವರ್ಷದ್ದು ಒಮ್ಮೆಲೆ ಮಾಡ್ಸಿರ್ತಾರ." ಗೌಡರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಈರಣ್ಣನೇ ಮುಂದುವರಿಸಿದ. "ಆದ್ರ ಸರ್ ಹೇಳಿದ್ದೂ ಖರೇ ಐತಿ ಬಿಡು ಮಾಮಾ. ಚಾಲೂ ಇರೂದು ಹಾದ್ಯಾಗಿನ ಮಂದಿ ಸಲುವಾಗಿ. ಗಾಡಿಗೆ ಪೆಟ್ಟಾದ್ರ ಕೊಡೂದು ಒಂದ ವರ್ಷದ್ದ ಇತ್ತು, ಅದು ಮುಗದ ಭಾಳ ದಿನಾ ಆತು. ಸರ್‌ಗ ಪೆಟ್ಟಾದ್ರ ಕೊಡೂದೂ ಮುಗದೈತಿ." ಬದುಕಿದೆಯಾ ಬಡಜೀವವೇ ಎಂದುಕೊಂಡೆ, ಮರುಕ್ಷಣವೇ ಬೆವರಿದೆ. ಇಷ್ಟು ದಿನ ಆ ದಾರಿಯಲ್ಲಿ ಬರುವ ಹೋಗುವ ಎಲ್ಲರಿಗೂ ನನ್ನಿಂದ ರಕ್ಷಣೆಯಿತ್ತು, ನನಗೂ ಗಾಡಿಗೂ ಮಾತ್ರ ಇರಲಿಲ್ಲ! ಸುಳ್ಳೆಂದು ತಿಳಿದು ನಾನು ಹೇಳಿದ್ದು ಮುಕ್ಕಾಲುಪಾಲು ನಿಜವೇ ಆಗಿತ್ತು.

"ಅಂದ್ರ ನಾ ಹೊಡದ್ರೂ ಪೊಲೀಸರ ಕಾಟಿಲ್ಲ?" ಎಂದು ಗೌಡರು ಕೇಳಿದರು. "ಲೈಸನ್ಸ್ ಇದ್ರ ಇಲ್ಲ ಮಾಮಾ. ಹೆಲ್ಮೆಟ್ ಹಾಕ್ಕೋ." "ಗಾಡಿದೂ ಸರ್ದೂ ಈಗ ಮಾಡು ಹಂಗಾದ್ರ" ಎಂದವರೇ ಅಂಗಿಯ ಒಳಜೇಬಿಗೆ ಕೈ ಹಾಕಿದರು. "ಗಾಡಿ ಹೆಚ್ಚಿಗಿ ಹೊಡಿಯಾವ್ರ ನಾವು. ಅರ್ಧಾ ರೊಕ್ಕ ನಂದು. ಬ್ಯಾಡ ಅನ್ನಬ್ಯಾಡ್ರಿ ಸರ." ಬೇಡ ಎನ್ನಲು ನನಗೆ ಎಲ್ಲಿ ಬರುತ್ತದೆ? ವಿಮೆ ನಡುವೆ ತಪ್ಪಿದ್ದರಿಂದ ಗಾಡಿಯ ಫೋಟೊ ಬೇಕೆಂದು ಈರಣ್ಣ ನಾಲ್ಕೂ ಕಡೆಯಿಂದ ತೆಗೆದುಕೊಂಡ. ಗೌಡರು ತಲೆ ಬಾಚಿಕೊಂಡು ಬಂದು ಹ್ಯಾಂಡಲ್ ಹಿಡಿದು ನಿಂತಿದ್ದರಿಂದ ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು.

ಅಂದಿನಿಂದ ನನಗೆ ನೋಟಿಸಿನ ಭಯವಿಲ್ಲ. ಗೌಡರು ಹೊಲಕ್ಕೆ ಹೋಗುವಾಗ ನನ್ನನ್ನು ಹಿಂದೆ ಕೂಡಿಸಿಕೊಂಡು ರಾಜೂರಿಗೆ ಬಿಡುತ್ತಾರೆ. ಅವರು ಹೊಲಕ್ಕೆ ಹೋಗುವುದು ಸೂರ್ಯ ಏಳುವಾಗ. ಹಾಗಾಗಿ ಶಾಲೆಯ ಗೇಟನ್ನು ಈಗ ನಾನೇ ತೆರೆಯುತ್ತೇನೆ. ಹೆಡ್‌ಮಾಸ್ತರರು ಎಲ್ಲರೆದುರು ನನ್ನನ್ನು ಹೊಗಳಿದ್ದೂ ಆಯಿತು. ಬೆಳಗಿನ ಅನುಕೂಲಕ್ಕೆಂದು ಕೀಲಿ ಗೌಡರ ಮನೆಯ ಗೂಟದಲ್ಲಿಯೇ ಇರುತ್ತದೆ. ಮೊನ್ನೆ ಸುಮಂಗಲಾಳನ್ನು ತವರಿಗೆ ಕರೆದೊಯ್ಯಬೇಕಾಗಿ ಬಂದು, ಗೌಡರ ಹೊಸ್ತಿಲಲ್ಲಿ ನಿಂತು ಸಂಕೋಚದಿಂದಲೇ ಕೇಳಿದೆ. ಎಷ್ಟು ದೊಡ್ಡ ಮನಸ್ಸು ನೋಡಿ, ಒಂದು ಗಳಿಗೆಯೂ ಹಿಂದೆಮುಂದೆ ನೋಡಲಿಲ್ಲ. "ಅದಕ್ಯಾಕ ಸಂಕೋಚ ಸರ? ತಗೊಂಡ ಹೋಗ್ರಿ. ನಿಮ್ದ ಗಾಡಿ ಅಂತ ತಿಳಕೋರಿ!"