ಮಾವನ ದವಡೆಯ ರಾತ್ರಿಪಾಳಿ

ನಮ್ಮ ಸೋದರಮಾವ ಹಗಲು ಏನನ್ನೂ ಅಗಿಯುತ್ತಿರಲಿಲ್ಲ, ರಾತ್ರಿ ಅಗಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಸುಳ್ಳಲ್ಲ! ಹಗಲೆಲ್ಲ ರಾಗಿಮುದ್ದೆ, ಅದನ್ನು ಅಗಿದವರುಂಟೇ? ಸಾರಲ್ಲಿ ಅದ್ದಿ ನುಂಗುವುದಷ್ಟೇ. ಮಲಗಿದರೆ ಮಾತ್ರ ಕಟಕಟ ಹಲ್ಲು ಮಸೆಯಲು ಶುರು. ಶಿಡ್ಲಘಟ್ಟದ ಪಕ್ಕದ ಅವರ ಊರಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆಹುಳು. ಸಾವಿರಾರು ಹುಳು ಸೇರಿ ಸೊಪ್ಪು ಮೇಯುವ ಸದ್ದಿಗೂ ಮಾವನೊಬ್ಬರ ಸದ್ದಿಗೂ ಪೈಪೋಟಿ. ಗೆಲ್ಲುತ್ತಿದ್ದುದು ಮಾವ!

ಬರಬರುತ್ತಾ ಬೆಳಗ್ಗೆ ದವಡೆ ಹಿಡಿದುಕೊಂಡು ಬಾಯೇ ತೆರೆಯದಂತಾಯಿತು. ಮುದ್ದೆಯ ತುತ್ತು ಗೋಲಿಯಷ್ಟಾಯಿತು. ನೋವಿಗೆ ಕಣ್ಣಲ್ಲಿ ನೀರು. ನಾನೇ ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

"ಅಗಿಯೋವಾಗ ನೋವಾಗುತ್ತಾ?"

"ಅಗಿಯಲ್ಲ ಮೇಡಮ್."

"ಮತ್ತೇನು ತಿಂತೀರ?"

"ಮುದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ರಾತ್ರಿಯಿಡೀ ದುಡಿದು ದವಡೆಯ ಸ್ನಾಯು ನೋಯುತ್ತಿದೆ ಎಂದು ವಿವರಿಸಿ, ಹಲ್ಲಿನ ಅಚ್ಚು ತೆಗೆದು, ಮಸೆಯುವುದನ್ನು ತಡೆಯಲು ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಸ್ಪ್ಲಿಂಟ್ ಮಾಡಿಸಿಕೊಟ್ಟರು. "ದಿನಾ ತೊಳೆದು ಕ್ಲೀನಾಗಿಡಿ" ಎಂದರು.

ಹುಳು ಸಾಕುವವರಿಗೆ ಕ್ಲೀನು ಎಂದರೆ ಬ್ಲೀಚಿಂಗ್ ಪೌಡರು! ಹುಳುವಿನ ಖಾಲಿ ತಟ್ಟೆಗಳ ಜೊತೆಗೆ ಸ್ಪ್ಲಿಂಟನ್ನೂ ಅದರಲ್ಲಿ ಅದ್ದಿ ತೊಳೆದು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಒಣಗಲಿಟ್ಟರು. ಸಂಜೆಗೆ ಫೋನು.

"ಲೋ, ನನ್ನ ದವಡೆ ಹಲ್ಲಿನ ಜಾಗದಲ್ಲಿ ಹುಳ ಗೂಡು ಕಟ್ತಾ ಐತೆ ಕಣೋ!"

"ಎತ್ತಿ ಬಿಸಾಕಿ ಮಾವ!"

"ಮನೆ ಕಟ್ಕೊಂತಿರೋದನ್ನ ಎಬ್ಬಿಸ್ತಾರೇನೋ? ಪಾಪ!"

ಹುಳು ಗೂಡು ಮುಗಿಸಿತು, ಗೂಡು ಮಾರ್ಕೆಟ್ಟಿಗೂ ಹೋಯಿತು. ಮಾವ ಮಾತ್ರ ಮತ್ತೆ ಸ್ಪ್ಲಿಂಟ್ ಮುಟ್ಟಲೇ ಇಲ್ಲ. ಮುಂದಿನ ಸಲ ಹೋದಾಗ ಅದು ಡಬ್ಬಿಯಲ್ಲಿ ಧೂಳು ತಿನ್ನುತ್ತಿತ್ತು, ಮಾವ ದವಡೆ ಒತ್ತಿಕೊಂಡು ಕೂತಿದ್ದರು. ಚೆನ್ನಾಗಿ ದಬಾಯಿಸಿದೆ.

ಮಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಒಂದು ದಿನ ಹಾಕ್ಕೊಂಡು ಮಲಗಿದ್ದೆ ಕಣೋ. ಸದ್ದೇ ಇಲ್ಲ. ಎಚ್ಚರ ಆಗಿ ನೋಡಿದ್ರೆ ನಿಮ್ಮತ್ತೆ ಎದ್ದು ಕೂತು ನನ್ನ ಮೂಗಿನ ಹತ್ರ ಬೆರಳಿಟ್ಕೊಂಡವಳೆ. ಉಸಿರು ಐತೋ ಇಲ್ವೋ ಅಂತ. ಬೆಳಗಾಗೋಗಂಟ ಅವಳು ಮಲಗಲಿಲ್ಲ. ನನ್ನ ದವಡೆ ಏನಾದ್ರೂ ಆಗ್ಲಿ, ಅವಳು ಮಲಗಲಿ."

ನಾನು ಡಬ್ಬಿಯ ಧೂಳು ಒರೆಸತೊಡಗಿದೆ.

ಅತ್ತೆಗೆ ಎಲ್ಲ ಕೇಳಿಸಿತ್ತು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ನಾನಿದ್ದೇನೆ ಎಂಬುದನ್ನೂ ಲೆಕ್ಕಿಸದೆ, "ಹಾಕ್ಕೊಂಡು ಮಲಗಿ ಅಂದ್ರೆ. ಎದೆ ಮೇಲೆ ಕೈ ಇಟ್ಕೊಂಡಿರ್ತೀನಿ, ನಂಗೆ ಗೊತ್ತಾಗುತ್ತೆ" ಎಂದರು. ಮಾವನ ಮುಖ ಕೆಂಪಗಾಯಿತು.

ಈಗ ಮಾವ ಬಾಯ್ತುಂಬ ಮುದ್ದೆ ನುಂಗುತ್ತಾರೆ. ಆ ಮನೆಯಲ್ಲಿ ರಾತ್ರಿ ಹುಳುಗಳದ್ದೇ ಸದ್ದು. ಅತ್ತೆಗೂ ಒಳ್ಳೆಯ ನಿದ್ದೆ. ಕೈ ಮಾತ್ರ ಇನ್ನೂ ತೆಗೆದಿಲ್ಲವಂತೆ.